ಆರ್‌ಎಂಪಿ ಅಂದ್ರೆ ಅಸಲಿಗೆ ಯಾರು?

ಚಿಂತಾಮಣಿ, ಬಾಗೇಪಲ್ಲಿ, ಶ್ರೀನಿವಾಸಪುರ ಕಡೆ ಹಳ್ಳಿಗಳಲ್ಲಿ ‘ಆರ್‌ಎಂಪಿ ಡಾಕ್ಟ್ರು’ ಅಂದ್ರೆ ಯಾರಿಗೂ ಬಿಡಿಸಿ ಹೇಳ್ಬೇಕಾಗಿಲ್ಲ. ಜ್ವರಕ್ಕೊಂದು ಸೂಜಿ, ಸುಸ್ತಿಗೊಂದು ಬಾಟ್ಲಿ ಗ್ಲೂಕೋಸು, ರಾತ್ರಿ ಹತ್ತಕ್ಕೆ ಫೋನ್ ಮಾಡಿದ್ರೂ ಬೈಕಲ್ಲಿ ಬಂದು ನೋಡ್ತಾರೆ, ದುಡ್ಡು ಟೊಮ್ಯಾಟೊ ಮಾರಿದ್ಮೇಲೆ ಕೊಟ್ರೂ ನಡೀತದೆ.

ಆದ್ರೆ ಆ ಮೂರಕ್ಷರ ಬಿಡಿಸಿದ್ರೆ ಏನು ಬರ್ತದೆ ನೋಡಿ, ರಿಜಿಸ್ಟರ್ಡ್ ಮೆಡಿಕಲ್ ಪ್ರಾಕ್ಟೀಷನರ್. ಅಂದ್ರೆ ಹೆಸ್ರು ನೋಂದಣಿ ಆಗಿರೋ ವೈದ್ಯ. ನಮ್ಮ ಕಡೆ ಇದು ಪೂರ್ತಿ ಉಲ್ಟಾ ಆಗಿ, ಎಲ್ಲೂ ನೋಂದಣಿ ಇಲ್ದಿರೋರಿಗೇ ಆರ್‌ಎಂಪಿ ಅಂತೀವಿ, ಎಂಬಿಬಿಎಸ್ ಓದಿ ನಿಜವಾಗ್ಲೂ ಆರ್‌ಎಂಪಿ ಆಗಿರೋರ್ನ ಹಂಗೆ ಕರೆದ್ರೆ ಬೇಜಾರು ಮಾಡ್ಕೋತಾರೆ! ಕೆಲವ್ರು ‘ಆರ್ ಅಂದ್ರೆ ರೂರಲ್, ಹಳ್ಳೀದು ಅಂತ, ಸ್ವಾಮಿ’ ಅಂತಾರೆ. ಆ ಹೆಸ್ರಿನ ಡಿಗ್ರಿ ಯಾವ ಮೆಡಿಕಲ್ ಕಾಲೇಜಲ್ಲೂ ಇಲ್ಲ.

ಹಂಗಾದ್ರೆ ರಿಜಿಸ್ಟರ್ಡ್ ಅಂದ್ರೇನು? ಸರ್ಟಿಫಿಕೇಟ್ ಇದೆ ಅಂತಲ್ಲ. ಮೆಡಿಕಲ್ ಕೌನ್ಸಿಲ್ ಇಟ್ಕೊಂಡಿರೋ ಪಟ್ಟೀಲಿ ಹೆಸ್ರಿದೆ, ತಪ್ಪು ಮಾಡಿದ್ರೆ ಆ ಹೆಸ್ರು ತೆಗೀಬಹುದು ಅಂತ. ಈ ತೆಗೆಯೋ ಅಧಿಕಾರಾನೇ ಇದ್ರಲ್ಲಿ ಮುಖ್ಯ. ಪಟ್ಟೀಗೆ ಸೇರ್ಬೇಕಂದ್ರೆ ಮಾನ್ಯತೆ ಇರೋ ಕಾಲೇಜಲ್ಲಿ ನಾಲ್ಕೂವರೆ ವರ್ಷ ಓದಿ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್ ಮಾಡಿರ್ಬೇಕು. ಕೋಲಾರದ ಹತ್ರ ಟಮಕದ ದೇವರಾಜ ಅರಸು ಮೆಡಿಕಲ್ ಕಾಲೇಜಾಗ್ಲಿ ಬೆಂಗಳೂರಿನ ಕಾಲೇಜಾಗ್ಲಿ, ಇಷ್ಟು ಸೀಟಿಗೆ ಇಷ್ಟು ಬೆಡ್ಡು ಇಷ್ಟು ಮೇಷ್ಟ್ರು ಅನ್ನೋ ಲೆಕ್ಕ ದೆಹಲಿಯ ನ್ಯಾಷನಲ್ ಮೆಡಿಕಲ್ ಕಮಿಷನ್‌ದು, 2020ರಲ್ಲಿ ಹಳೇ ಎಂಸಿಐ, ಅಂದ್ರೆ ಮೆಡಿಕಲ್ ಕೌನ್ಸಿಲ್ ಆಫ್ ಇಂಡಿಯಾ ಜಾಗಕ್ಕೆ ಬಂತಲ್ಲ ಅದು. ನಮ್ಮಲ್ಲಿ ಹೆಸ್ರು ಬರ್ಕೊಳ್ಳೋದು ಕರ್ನಾಟಕ ಮೆಡಿಕಲ್ ಕೌನ್ಸಿಲ್. ಪಟ್ಟೀಲಿ ಇಲ್ದೆ ಪ್ರಾಕ್ಟೀಸ್ ಮಾಡಿದ್ರೆ ಕಮಿಷನ್ ಕಾಯ್ದೆ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲಾ 5 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಆಯುರ್ವೇದ, ಯುನಾನಿಗೆ ಬೇರೆ ಬೋರ್ಡು, ನರ್ಸುಗಳಿಗೆ ನರ್ಸಿಂಗ್ ಕೌನ್ಸಿಲ್ಲು, ಔಷಧಿ ಅಂಗಡಿ ಫಾರ್ಮಸಿಸ್ಟಿಗೆ ಫಾರ್ಮಸಿ ಕೌನ್ಸಿಲ್ಲು.

ಬಾಕಿ ಉಳಿದಿದ್ದು ಲ್ಯಾಬಲ್ಲಿ ರಕ್ತ ತೆಗೆಯೋರು, ಎಕ್ಸ್‌ರೇ, ಡಯಾಲಿಸಿಸ್, ಫಿಸಿಯೋಥೆರಪಿಯೋರು. ಇವ್ರನ್ನೆಲ್ಲ ಸೇರಿಸಿ ದೇಶಕ್ಕೇ ಒಂದು ಕಾಯ್ದೆ ಬಂದಿದ್ದು 2021ರಲ್ಲಿ, ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆ ಅಂತ. ಅದ್ರಲ್ಲಿ ಗಂಟೆ ಲೆಕ್ಕಾನೇ ಬರೆದವ್ರೆ. ಟೆಕ್ನಿಷಿಯನ್ ಥರದ ಅಲೈಡ್ ಹೆಲ್ತ್‌ನೋರಾಗಕ್ಕೆ ಕನಿಷ್ಠ 2000 ಗಂಟೆ ಓದು, ಫಿಸಿಯೋಥೆರಪಿಸ್ಟ್ ಥರದ ಹೆಲ್ತ್‌ಕೇರ್ ಪ್ರೊಫೆಷನಲ್ ಅನ್ನಿಸ್ಕೊಳ್ಳಕ್ಕೆ 3600 ಗಂಟೆ. ಬಸ್ ಸ್ಟ್ಯಾಂಡ್ ಗೋಡೆ ಮೇಲೆ ‘ಆರೇ ತಿಂಗಳಲ್ಲಿ ಲ್ಯಾಬ್ ಟೆಕ್ನಿಷಿಯನ್’ ಅಂತ ಪೋಸ್ಟರ್ ಕಂಡ್ರೆ ಈ ನಂಬರ್ ನೆನಪಿರ್ಲಿ. ಇಂಗ್ಲೆಂಡಲ್ಲಿ ಎಚ್‌ಸಿಪಿಸಿ ಅಂತೊಂದು ಸಂಸ್ಥೆ 15 ವೃತ್ತಿಗಳಿಗೆ ಇದೇ ಕೆಲಸ ಮಾಡ್ತದೆ, ಅಲ್ಲಿ ಅದ್ರ ಪಟ್ಟೀಲಿ ಇಲ್ದೋರು ತಮ್ಮನ್ನ ಫಿಸಿಯೋಥೆರಪಿಸ್ಟ್ ಅಂತ ಕರ್ಕೊಳ್ಳೋದೇ ಅಪರಾಧ.

ಹಳ್ಳಿ ಆರ್‌ಎಂಪಿಗಳೆಲ್ಲ ಕೆಟ್ಟೋರು ಅಂತ ನಾನು ಹೇಳ್ತಿಲ್ಲ, ನಮ್ಮಜ್ಜಿ ಕಷ್ಟಕ್ಕೆ ಮೊದಲು ಓಡಿ ಬಂದೋರೇ ಅವ್ರು. ಆದ್ರೆ ಅದೇ ಅಜ್ಜಿಗೆ ಒಂದ್ಸಲ ತಪ್ಪು ಔಷಧಿ ಆಗಿ ಮೈಯೆಲ್ಲ ದದ್ದು ಎದ್ದಾಗ ದೂರು ಕೊಡಣ ಅಂತ ಚೀಟಿ ಹುಡುಕಿದ್ವಿ. ಡಾಕ್ಟ್ರು ಚೀಟಿ ಮೇಲೆ ರಿಜಿಸ್ಟ್ರೇಷನ್ ನಂಬರ್ ಹಾಕ್ಬೇಕು ಅಂತ ರೂಲ್ಸೇ ಇದೆ. ಆ ಚೀಟೀಲಿ ಇದ್ದಿದ್ದು ಮಾತ್ರೆ ಹೆಸ್ರು ಎರಡು, ಮೇಲೊಂದು ಪ್ಲಸ್ ಗುರ್ತು, ಅಷ್ಟೇ.