ತಾನೇ ಒಪ್ಪಿಕೊಂಡ ಮೇಲೆ ಇನ್ನೇನು ಸಾಕ್ಷಿ?

ಪ್ರಶ್ನೆ: ಆರೋಪಿ ಪೊಲೀಸರ ಮುಂದೆ ತಪ್ಪೊಪ್ಪಿಕೊಂಡ ಅಂತ ಪೇಪರಿನಲ್ಲಿ ಬರುತ್ತದೆ. ಆಮೇಲೆ ನೋಡಿದರೆ ಅದು ಕೋರ್ಟಿನಲ್ಲಿ ನಡೆಯುವುದಿಲ್ಲವಂತೆ. ಯಾಕೆ? (ಮುಳ್ಳೇರಿಯದ ಓದುಗರೊಬ್ಬರು)

ಕೊಲೆಗಾರರ ಮಾತು ಬಂದರೆ ಕಾಸರಗೋಡಿನ ನಮಗೆ ಮೊದಲು ನೆನಪಾಗುವುದು ರಿಪ್ಪರ್ ಚಂದ್ರನ್. 1980ರ ದಶಕದಲ್ಲಿ ರಾತ್ರಿ ಹೊತ್ತು ಜನರ ತಲೆಗೆ ಹೊಡೆದು ಕೊಲ್ಲುತ್ತಿದ್ದವನು. 1991ರಲ್ಲಿ ಅವನನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಆಗ ನಮ್ಮಜ್ಜಿ ಕತ್ತಲಾಗುವ ಮೊದಲೇ ಬಾಗಿಲಿಗೆ ಒನಕೆ ಒರಗಿಸುತ್ತಿದ್ದರು. ಒಂದು ಸಂಜೆ ನಮ್ಮೂರಿನಲ್ಲಿ ಗುರುತಿಲ್ಲದ ಒಬ್ಬನನ್ನು ಹಿಡಿದು ತೆಂಗಿನ ಮರಕ್ಕೆ ಕಟ್ಟಿದರು. ನಾಲ್ಕು ಪೆಟ್ಟು ಬಿದ್ದ ಮೇಲೆ, 'ರಿಪ್ಪರ್ ನೀನೇ ಅಲ್ವಾ?' ಅಂದರು. ಹೌದೆಂದು ತಲೆಯಾಡಿಸಿದ. ಗೂಡಂಗಡಿಯ ಮಾವ ಮೆಲ್ಲ ಹತ್ತಿರ ಹೋಗಿ, 'ಗಾಂಧಿಯನ್ನು ಕೊಂದದ್ದೂ ನೀನೇಯಾ?' ಅಂತ ಕೇಳಿದರು. ಅದಕ್ಕೂ ಹೌದು ಅಂದ. ಆಮೇಲೆಯೇ ಹಗ್ಗ ಬಿಚ್ಚಿದ್ದು.

ತಪ್ಪೊಪ್ಪಿಗೆಗೆ ಮಲಯಾಳದಲ್ಲಿ 'ಕುಟ್ಟಸಮ್ಮದಂ' ಅನ್ನುತ್ತಾರೆ. ಅಲ್ಲಿ 'ಕುಟ್ಟ' ಅಂದರೆ ಅಪರಾಧ. ಕನ್ನಡದ ಕಿವಿಗೆ ಮಾತ್ರ ಅದು ಕುಟ್ಟಿ ಪಡೆದ ಸಮ್ಮತಿಯ ಹಾಗೆ ಕೇಳಿಸುತ್ತದೆ.

ಹೀಗೆ ಕುಟ್ಟಿದ್ದರಿಂದ ಏನಾಗಬಹುದು ಅನ್ನುವುದಕ್ಕೆ ರಷ್ಯಾದ ಚಿಕಟಿಲೋ ಪ್ರಕರಣ ನೋಡಿ. 1978ರಲ್ಲಿ ಶಾಖ್ತಿ ಎಂಬ ಊರಿನಲ್ಲಿ ಒಂಬತ್ತು ವರ್ಷದ ಹುಡುಗಿಯ ಕೊಲೆಯಾಯಿತು. ಪೊಲೀಸರು ಹಿಡಿದದ್ದು ಅಲೆಕ್ಸಾಂಡರ್ ಕ್ರಾವ್ಚೆಂಕೋ ಎಂಬವನನ್ನು. ಅವನ ಮೇಲೆ ಹಿಂದೆ ಒಂದು ಕೊಲೆಯ ಶಿಕ್ಷೆ ಇತ್ತು, ಸಂಶಯಕ್ಕೆ ಅಷ್ಟು ಸಾಕಾಯಿತು. ಆ ಸಂಜೆ ಅವನು ಮನೆಯಲ್ಲೇ ಇದ್ದ ಅಂತ ಹೆಂಡತಿ ಹೇಳಿದಳು. ಅವಳನ್ನೂ ಹೆದರಿಸಿ ಮಾತು ಬದಲಿಸಿದರು. ಕೊನೆಗೆ ಅವನೂ ಒಪ್ಪಿಕೊಂಡ. ಕೋರ್ಟಿನಲ್ಲಿ 'ನಾನಲ್ಲ' ಅಂದರೂ ಪ್ರಯೋಜನವಾಗಲಿಲ್ಲ. 1983ರಲ್ಲಿ ಮರಣದಂಡನೆ ಆಯಿತು.

ಕೊಂದವನು ಆಂದ್ರೇ ಚಿಕಟಿಲೋ. ಪೊಲೀಸರ ಲೆಕ್ಕದಲ್ಲಿ ಕೇಸು ಮುಗಿದಿತ್ತು, ಅವನು 1990ರವರೆಗೂ ಕೊಲ್ಲುತ್ತಲೇ ಹೋದ.

ಅವನು ಬಾಯಿ ಬಿಟ್ಟ ರೀತಿಯೂ ಗಮನಿಸುವಂಥದ್ದು. ಬಂಧಿಸಿ ವಾರ ಕಳೆದರೂ ತನಿಖಾಧಿಕಾರಿಗೆ ಅವನಿಂದ ಏನೂ ಸಿಗಲಿಲ್ಲ. ಆಗ ಬುಖಾನೋವ್ಸ್ಕಿ ಎಂಬ ಮನೋವೈದ್ಯರನ್ನು ಕರೆಸಿದರು. ಕೊಲೆಗಾರ ಯಾರೆಂದು ಗೊತ್ತಿಲ್ಲದಾಗಲೇ ಅವನ ಮನಸ್ಸು ಹೇಗಿರಬಹುದೆಂದು ಈ ವೈದ್ಯರು ಬರೆದಿಟ್ಟಿದ್ದರು. ಅದನ್ನೇ ಎದುರು ಕೂತು ಓದಿದರು. ಚಿಕಟಿಲೋ ಅಳುತ್ತಾ ಎಲ್ಲ ಹೇಳತೊಡಗಿದ. ಪೊಲೀಸರಿಗೆ ಗೊತ್ತೇ ಇರದ ಕೊಲೆಗಳೂ ಅದರಲ್ಲಿದ್ದವು. ಅವನು ತೋರಿಸಿದ ಜಾಗದಲ್ಲಿ ಶವಗಳು ಸಿಕ್ಕವು. ಹಾಗಿದ್ದೂ ಅವನ ಮಾತನ್ನು ಸುಮ್ನೆ ನಂಬಲಿಲ್ಲ. ಹೇಳಿದ್ದು 56, ಕೇಸು ಹಾಕಿದ್ದು 53, ಸಾಬೀತಾದದ್ದು 52.

ನಮ್ಮ ಕಾನೂನು ಹಿಡಿದಿರುವುದೂ ಇದೇ ಎಳೆಯನ್ನು. ಪೊಲೀಸರಿಗೆ ಹೇಳಿದ ತಪ್ಪೊಪ್ಪಿಗೆ ಸಾಕ್ಷಿಯಲ್ಲ ಅಂತ 1872ರ ಸಾಕ್ಷ್ಯ ಕಾಯಿದೆಯ 25ನೇ ಸೆಕ್ಷನ್ ಹೇಳುತ್ತಿತ್ತು. ಬ್ರಿಟಿಷರಿಗೇ ತಮ್ಮ ಪೊಲೀಸರ ಮೇಲೆ ಅಷ್ಟು ನಂಬಿಕೆ! 2024ರ ಜುಲೈಯಿಂದ ಅದು ಹೊಸ ಕಾಯಿದೆಯ 23ನೇ ಸೆಕ್ಷನ್. ಮ್ಯಾಜಿಸ್ಟ್ರೇಟರ ಮುಂದೆ ಹೇಳಿದರೆ ಲೆಕ್ಕ ಬೇರೆ. ಆದರೆ 'ನೀನು ಒಪ್ಪಿಕೊಳ್ಳಲೇಬೇಕೆಂದಿಲ್ಲ' ಅಂತ ಅವರು ಮೊದಲೇ ತಿಳಿಸಬೇಕು.

ಪೊಲೀಸರಿಗೆ ಹೇಳಿದ್ದರಲ್ಲೂ ಒಂದು ತುಂಡು ಉಳಿಯುತ್ತದೆ. 'ಕತ್ತಿಯನ್ನು ತೋಟದ ಕೆರೆಗೆ ಎಸೆದೆ' ಅಂತ ಕಸ್ಟಡಿಯಲ್ಲಿರುವವನು ಹೇಳಿ, ಅಲ್ಲಿ ಕತ್ತಿ ಸಿಕ್ಕಿದರೆ ಅಷ್ಟು ಮಾತು ನಡೆಯುತ್ತದೆ. 'ಅದರಿಂದಲೇ ಕೊಂದೆ' ಅನ್ನುವುದು ನಡೆಯುವುದಿಲ್ಲ.

ಆ ಕತ್ತಿಯನ್ನು ಪೊಲೀಸರೇ ಎಸೆದಿದ್ದರೆ? ಕೇಳಬೇಕಾದ ಪ್ರಶ್ನೆಯೇ. ಅದಕ್ಕೇ ಮಹಜರಿಗೆ ಊರಿನವರನ್ನು ಕರೆಯುವುದು. ಆದರೆ ಜೀಪು ಬರುವ ಸದ್ದು ಕೇಳಿದರೆ ಸಾಕು, ನಮ್ಮ ಗೂಡಂಗಡಿಯ ಮಾವನೂ ಹಿಂಬದಿಯಿಂದ ತೋಟಕ್ಕೆ ಇಳಿದು ಹೋಗುತ್ತಿದ್ದರು.