ಶಿಬಿರದ ಎರಡನೇ ರಾತ್ರಿ

ಹೋದ ತಿಂಗಳು ಒಂದು ಕಾರ್ಮಿಕ ಸಂಘದ ಕಾರ್ಯದರ್ಶಿ ಶಿಬಿರದ ವಿಷಯಕ್ಕೆ ಫೋನ್ ಮಾಡಿದ್ದರು. “ಅಕ್ಕಾ, ಮೂರು ದಿನ ಎಲ್ಲ ಬೇಡ. ಒಂದೇ ದಿನದಲ್ಲಿ ಮುಗಿಸಿಕೊಡಿ. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದರೆ ಸಂಜೆ ಐದರ ಬಸ್ಸಿಗೆ ಎಲ್ಲರೂ ವಾಪಸ್.” ಅವರ ಲೆಕ್ಕದಲ್ಲಿ ತಪ್ಪೇನಿಲ್ಲ. ಮೂವತ್ತೈದು ಜನರಿಗೆ ಮೂರು ದಿನ ಊಟ, ತಿಂಡಿ, ಹಾಸಿಗೆ, ಬಸ್ ಚಾರ್ಜು, ಅದರ ಮೇಲೆ ದಿನಗೂಲಿ ಬಿಟ್ಟು ಬರುವವರ ಕೂಲಿ ನಷ್ಟ. ಸಣ್ಣ ಸಂಘಕ್ಕೆ ಇದು ಇಡೀ ವರ್ಷದ ಚಂದಾ ಹಣ. ಆದರೂ ನಾನು ಒಪ್ಪಲಿಲ್ಲ. ಯಾಕೆಂದು ಫೋನಿನಲ್ಲಿ ಸರಿಯಾಗಿ ಹೇಳಲಿಕ್ಕಾಗಲಿಲ್ಲ, ಇಲ್ಲಿ ಹೇಳುತ್ತೇನೆ.

ಶಿರಸಿ, ಕುಮಟಾ, ಕಾರವಾರ ಎಂದು ಓಡಾಡುತ್ತ ಸಂಘದ ಕಾರ್ಯಕರ್ತರಿಗೆ ವಸತಿ ಶಿಬಿರ ನಡೆಸಲು ಹಿಡಿದು ಹದಿನೆಂಟು ವರ್ಷವಾಯಿತು. ಬಿಸಿಯೂಟದ ಅಡುಗೆಯವರು, ಅಂಗನವಾಡಿ ಕಾರ್ಯಕರ್ತೆಯರು, ಗೇರು ಕಾರ್ಖಾನೆಯ ಹೆಂಗಸರು, ಗಾರೆ ಕೆಲಸದವರು, ಪಂಚಾಯತಿಯ ವಾಟರ್‌ಮನ್‌ಗಳು, ಬೋಟಿಗೆ ಹೋಗುವವರು, ಗುತ್ತಿಗೆಯ ಮೇಲೆ ಸ್ವಚ್ಛತೆ ಕೆಲಸ ಮಾಡುವವರು ಬರುತ್ತಾರೆ. ಯಾವ ಶಿಬಿರವಾದರೂ ಮೊದಲ ದಿನ ಒಂದೇ ಥರ. ಯಾರೂ ಬಾಯಿ ಬಿಡುವುದಿಲ್ಲ. ಚಹಾ ಬರುವ ತನಕ ತೊಡೆಯ ಮೇಲಿನ ಚೀಲ ಕೆಳಗಿಳಿಯುವುದಿಲ್ಲ. ಘಟ್ಟದ ಮೇಲಿನವರು ಒಂದು ಕಡೆ, ಕರಾವಳಿಯವರು ಒಂದು ಕಡೆ. ಕಾರವಾರದವರು ತಮ್ಮೊಳಗೇ ಕೊಂಕಣಿಯಲ್ಲಿ ಪಿಸುಗುಟ್ಟುತ್ತಾರೆ. ಪರಿಚಯ ಹೇಳಿ ಅಂದರೆ ಹೆಸರು, ಊರು, ಸಂಘ, ಆಮೇಲೆ “ನಮ್ಮಲ್ಲಿ ಅಂಥ ಸಮಸ್ಯೆ ಏನೂ ಇಲ್ಲ.” ಸಮಸ್ಯೆ ಇಲ್ಲದವರು ಬಸ್ಸು ಬದಲಿಸಿ ದೇವಿಮನೆ ಘಟ್ಟ ಹತ್ತಿ ಯಾಕೆ ಬರುತ್ತಾರೆ? ಒಂದು ದಿನದ ಶಿಬಿರವೆಂದರೆ ಈ ಮೊದಲ ದಿನ ಮಾತ್ರ.

ನಾನೂ ಶುರುವಿನಲ್ಲಿ ಇದೇ ತಪ್ಪು ಮಾಡಿದವಳೇ. ಹುರುಪಿನಲ್ಲಿ ಏಳು ಜನ ಭಾಷಣಕಾರರನ್ನು ಕರೆಸಿದ್ದೆ. ಊಟವಾದ ಮೇಲೆ ಒಬ್ಬ ವಕೀಲರು 1947ರ ಕೈಗಾರಿಕಾ ವಿವಾದ ಕಾಯ್ದೆಯನ್ನು ಕಲಮು ಕಲಮಾಗಿ ಒಂದೂವರೆ ತಾಸು ಬಿಡಿಸಿಟ್ಟರು. ಬೋಟಿನವರೊಬ್ಬರು ಪಕ್ಕದವರ ಹೆಗಲಿಗೆ ತಲೆ ಇಟ್ಟು ಗೊರಕೆ ಹೊಡೆದರು. ಕೊನೆಗೆ ಅಭಿಪ್ರಾಯದ ಚೀಟಿ ಹಂಚಿದರೆ ಎಲ್ಲರದೂ ಒಂದೇ ಒಕ್ಕಣೆ: “ಶಿಬಿರ ಚೆನ್ನಾಗಿತ್ತು, ಊಟ ಚೆನ್ನಾಗಿತ್ತು.” ಒಬ್ಬರು ಮಾತ್ರ “ಫ್ಯಾನ್ ಬೇಕಿತ್ತು” ಎಂದು ಬರೆದಿದ್ದರು. ಇದ್ದವುಗಳಲ್ಲಿ ನಿಜವಾದ ಚೀಟಿ ಅದೊಂದೇ.

ಈಗ ಭಾಷಣ ಎರಡೇ, ತಲಾ ನಲವತ್ತು ನಿಮಿಷ. ಉಳಿದದ್ದೆಲ್ಲ ಕೈಯಲ್ಲಿ ಪೆನ್ನು ಹಿಡಿದು ಮಾಡುವ ಕೆಲಸ. ಎರಡನೇ ದಿನ ಬೆಳಿಗ್ಗೆ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆಯುತ್ತೇನೆ. ತಿಂಗಳಿಗೆ 12,000 ರೂಪಾಯಿ ಸಂಬಳ, 20 ವರ್ಷದ ಸೇವೆ, ವರ್ಷಕ್ಕೆ 15 ದಿನದ ಸಂಬಳದ ಹಾಗೆ, ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಎಷ್ಟಾಯಿತು? ಹದಿನೈದು ದಿನ ಅಂದರೆ ಅರ್ಧ ತಿಂಗಳು, ಆರು ಸಾವಿರ. ಇಪ್ಪತ್ತರಿಂದ ಗುಣಿಸಿದರೆ 1,20,000. ಹತ್ತರಲ್ಲಿ ಒಂಬತ್ತು ಜನ ಇದನ್ನೇ ಹೇಳುತ್ತಾರೆ. ಕಾನೂನು ಹಾಗೆ ಲೆಕ್ಕ ಹಾಕುವುದಿಲ್ಲ. ವಾರದ ರಜೆ ಕಳೆದು ತಿಂಗಳಿಗೆ 26 ದಿನ ಎಂದು ಹಿಡಿಯುತ್ತದೆ. 12,000ವನ್ನು 26ರಿಂದ ಭಾಗಿಸಿ, 15ರಿಂದಲೂ 20ರಿಂದಲೂ ಗುಣಿಸಿದರೆ 1,38,461. ವ್ಯತ್ಯಾಸ 18,461 ರೂಪಾಯಿ. ಒಂದು ಸಲ ಹೊನ್ನಾವರ ಕಡೆಯ ಗೇರು ಕಾರ್ಖಾನೆಯ ಒಬ್ಬ ಹೆಂಗಸು ಈ ಮೊತ್ತವನ್ನು ನೋಡುತ್ತ ನೋಡುತ್ತ ಎದ್ದು ನಿಂತರು. “ಅಕ್ಕೋರೆ, ನಮ್ಮ ದೊಡ್ಡಮ್ಮಂಗೆ ಮೂವತ್ತರಿಂದ ಭಾಗ್ಸಿ ಕೊಟ್ಟಿದ್ರು. ನಾನೇ ಲೆಕ್ಕ ಸರಿ ಇದೆ ಅಂತ ಹೇಳಿ ಸಹಿ ಹಾಕ್ಸಿದ್ದೆ.” ಆಮೇಲೆ ಆ ಇಡೀ ದಿನ ಅವರ ಕೈಯಿಂದ ಪೆನ್ನು ಕೆಳಗಿಳಿಯಲಿಲ್ಲ.

ಸಂಜೆ ಅಣಕು ಮಾತುಕತೆ. ಕಾರ್ಮಿಕರೇ ಅಧಿಕಾರಿಯ ಪಾತ್ರ ಮಾಡಬೇಕು, ಉಳಿದವರು ನಿಯೋಗ. ಒಮ್ಮೆ ಬಿಸಿಯೂಟದ ಅಡುಗೆಯವರೊಬ್ಬರು ಕುರ್ಚಿಯಲ್ಲಿ ಕೂತರು. ನಿಯೋಗ ಬಂದು ನಿಂತರೂ ತಲೆ ಎತ್ತಲಿಲ್ಲ. ಇಲ್ಲದ ಫೈಲಿನ ಹಾಳೆ ತಿರುವಿದರು, ಇಲ್ಲದ ಫೋನಿನಲ್ಲಿ ಮಾತಾಡಿದರು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಕೊನೆಗೆ “ನೋಡುವಾ, ನಾಳೆ ಬನ್ನಿ” ಅಂದರು. ಸಭೆ ನಕ್ಕು ನಕ್ಕು ಸುಸ್ತು. ಇಷ್ಟು ಚೆನ್ನಾಗಿ ನಟಿಸುವುದನ್ನು ಅವರಿಗೆ ಯಾರೂ ಕಲಿಸಿಕೊಟ್ಟಿರಲಿಲ್ಲ, ವರ್ಷಗಟ್ಟಲೆ ಎದುರು ನಿಂತು ನೋಡಿದ್ದು. ಆದರೆ ನಾನು ನೋಡುತ್ತಿದ್ದದ್ದು ನಿಯೋಗದವರನ್ನು. ಅವರೂ ನಗುತ್ತ ಕೈಮುಗಿದು ಹೊರಟೇಬಿಟ್ಟರು. “ಏನು ಸಿಕ್ಕಿತು?” ಎಂದೆ. “ನಾಳೆ ಬರ್ಲಿಕ್ಕೆ ಹೇಳಿದಾರೆ.”

ಅಲ್ಲಿಂದ ಪಾಠ ಶುರು. ಮಾತಾಡುವವರು ಒಬ್ಬರೇ, ಬರೆದುಕೊಳ್ಳುವವರು ಇನ್ನೊಬ್ಬರು. ಮನವಿಯ ಎರಡನೇ ಪ್ರತಿಯ ಮೇಲೆ ಸ್ವೀಕೃತಿಯ ಸೀಲು, ತಾರೀಖು ಬೀಳದೆ ಕಾಲು ಕೀಳಬಾರದು. “ನಾಳೆ” ಅಂದರೆ ಯಾವ ತಾರೀಖು, ಎಷ್ಟು ಗಂಟೆಗೆ ಎಂದು ಅಲ್ಲೇ ಕೇಳಬೇಕು. ಮನವಿಯಲ್ಲಿ ಹದಿನಾಲ್ಕು ಬೇಡಿಕೆ ಬರೆದರೆ ಅಧಿಕಾರಿ ಅದರಲ್ಲಿ ಅತಿ ಹಗುರದ್ದನ್ನು ಆರಿಸಿಕೊಂಡು ಈಡೇರಿಸಿದೆ ಎನ್ನುತ್ತಾರೆ, ಹಾಗಾಗಿ ಮೂರೇ ಸಾಕು. ನಮ್ಮ ಕಡೆ ಇನ್ನೊಂದು ರೋಗ ಇದೆ. ಬರವಣಿಗೆಯಲ್ಲಿ “ತಾವು ದೊಡ್ಡ ಮನಸ್ಸು ಮಾಡಿ, ಬಡವರಾದ ನಮ್ಮ ಮೇಲೆ ದಯೆ ತೋರಿ” ಎಂಬ ಸಾಲುಗಳು ತಾವಾಗಿಯೇ ಬಂದು ಕೂರುತ್ತವೆ. ಗೇಣಿ ಕಾಲದಲ್ಲಿ ಒಡೆಯರ ಜಗಲಿಯ ಕೆಳಗೆ ನಿಂತು ಆಡಿದ ಮಾತು ಇನ್ನೂ ನಾಲಿಗೆಯಿಂದ ಇಳಿದಿಲ್ಲ. ಇದೇ ಜಿಲ್ಲೆಯಲ್ಲಿ ಗೇಣಿದಾರರನ್ನು ಒಗ್ಗೂಡಿಸಿದ ತಪ್ಪಿಗೆ ದಿನಕರ ದೇಸಾಯಿಯವರನ್ನು ಬ್ರಿಟಿಷ್ ಸರ್ಕಾರ ಗಡಿಪಾರು ಮಾಡಿತ್ತು. ಆಮೇಲೆ ಅವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಶಾಲೆಗಳನ್ನು ತೆರೆಯುತ್ತ ಹೋದರು. ಸಂಘಟನೆ ಮಾಡಿದವರು ಯಾಕೆ ಶಾಲೆಗೆ ಕೈ ಹಾಕಿದರು ಎಂಬುದು ಇಂಥ ಮನವಿ ಪತ್ರಗಳನ್ನು ತಿದ್ದುವಾಗ ಅರ್ಥವಾಗುತ್ತದೆ.

ಇನ್ನು ರಾತ್ರಿಯ ವಿಷಯ.

ಕುಮಟಾದ ಹತ್ತಿರ ಒಂದು ಶಾಲೆಯಲ್ಲಿ ಶಿಬಿರ. ಮಳೆ, ಕರೆಂಟು ಇಲ್ಲ. ಹೆಂಗಸರೆಲ್ಲ ಒಂದೇ ಹಾಲಿನಲ್ಲಿ ಜಮಖಾನ ಹಾಸಿ ಸಾಲಾಗಿ ಮಲಗಿದ್ದೆವು. ಒಂದೇ ಊರಿನವರು ಒಟ್ಟಿಗೆ ಮಲಗದ ಹಾಗೆ ನಾನು ಮೊದಲೇ ಹಾಸಿಗೆಗಳನ್ನು ಕಲಸಿಬಿಡುತ್ತೇನೆ. ಅದಕ್ಕೆ ಮೊದಲ ರಾತ್ರಿ ಗೊಣಗಾಟ ಇದ್ದದ್ದೇ. ಎರಡನೇ ರಾತ್ರಿ ಗೇರು ಕಾರ್ಖಾನೆಯ ಒಬ್ಬರು ಪಕ್ಕದಲ್ಲಿದ್ದ ಘಟ್ಟದ ಮೇಲಿನ ಸ್ವಚ್ಛತೆ ಕೆಲಸದವರನ್ನು ಕೇಳಿದರು.

“ನಿಮ್ಮಲ್ಲೂ ಬ್ರೇಕ್ ಕೊಡ್ತಾರಾ?”

“ಹನ್ನೊಂದು ತಿಂಗಳಾದ ಕೂಡಲೇ ಎರಡು ದಿನ ಬರೂದು ಬೇಡ ಅಂತಾರೆ. ಮೂರನೇ ದಿನ ಹೊಸ ಕಾರ್ಡು.”

“ಅಯ್ಯೋ, ನಮ್ದೂ ಹಾಂಗೇಯ. ನಾನು ರಜೆ ಕೊಟ್ರು ಅಂದ್ಕಂಡು ಗೋಕರ್ಣಕ್ಕೆ ಹೋಗಿ ಬಂದಿದ್ದೆ.”

ಕತ್ತಲಲ್ಲಿ ನಗು. ಆಮೇಲೆ ಸ್ವಲ್ಪ ಹೊತ್ತು ಮಳೆಯ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ ಮೂರನೆಯ ಹಾಸಿಗೆಯಿಂದ ಒಂದು ದನಿ: “ಎಲ್ಲ ಕಡೆನೂ ಎರಡೇ ದಿನ ಯಾಕೆ?”

ನಾನು ಮೂಲೆಯಲ್ಲಿ ನಿದ್ದೆ ಬಂದವಳ ಹಾಗೆ ಬಿದ್ದುಕೊಂಡಿದ್ದೆ. ಎದ್ದು ಉತ್ತರ ಹೇಳಿದ್ದರೆ ಅದು ಮತ್ತೆ ಕ್ಲಾಸ್ ಆಗಿಬಿಡುತ್ತಿತ್ತು. ಹಗಲು ಇದೇ ಹಾಲಿನಲ್ಲಿ “ಸೇವೆಯ ನಿರಂತರತೆ” ಎಂದು ನಾನು ಬೋರ್ಡಿನ ಮೇಲೆ ಬರೆದಾಗ ಯಾರೊಬ್ಬರೂ ತುಟಿ ಬಿಚ್ಚಿರಲಿಲ್ಲ. ಅದು ತಮ್ಮ ಬ್ರೇಕಿನ ವಿಷಯ ಎಂದು ಅವರಿಗೆ ಹೊಳೆದಿರಲಿಲ್ಲ. ಅವರ ಬಾಯಲ್ಲಿ ಅದಕ್ಕೆ ಬ್ರೇಕ್ ಎಂದು ಹೆಸರು ಎಂಬುದು ನನಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ಅವಲಕ್ಕಿ ತಿನ್ನುವಾಗಲೇ ಪ್ರಶ್ನೆ ಬಂತು. ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಗ್ರಾಚ್ಯುಟಿಯ ಮಟ್ಟಿಗೆ ಅದು ಒಂದು ಪೂರ್ತಿ ವರ್ಷದ ಸೇವೆ. ನಡುವೆ ಎರಡು ದಿನ ಮನೆಗೆ ಕಳಿಸಿದ ಮಾತ್ರಕ್ಕೆ ಸೇವೆ ತುಂಡಾಗುವುದಿಲ್ಲ. ಆದರೆ 240 ದಿನ ಮಾಡಿದ್ದೇನೆ ಎಂದು ತೋರಿಸುವುದು ಹೇಗೆ? “ಹಳೇ ಕಾರ್ಡು ಒಲೆಗೆ ಹಾಕ್ದೆ” ಎಂದರು ಗೋಕರ್ಣಕ್ಕೆ ಹೋಗಿ ಬಂದವರು. ಪಿಎಫ್ ಪಾಸ್‌ಬುಕ್ಕಿನಲ್ಲಿ ತಿಂಗಳು ತಿಂಗಳ ವಂತಿಗೆ ಇರುತ್ತದೆ, ಇಎಸ್‌ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆಯ ದಾಖಲೆ ಇರುತ್ತದೆ, ಸಂಬಳ ಬ್ಯಾಂಕಿಗೆ ಬಿದ್ದಿದ್ದರೆ ಆ ಪಾಸ್‌ಬುಕ್ ಇರುತ್ತದೆ, ಜತೆಗೆ ಕೆಲಸ ಮಾಡಿದವರ ಹೇಳಿಕೆಗೂ ಬೆಲೆ ಇದೆ. ಅವತ್ತು ನಾನು ಮಾಡಿಕೊಂಡು ಬಂದಿದ್ದ ಕಾರ್ಯಕ್ರಮ ಪಟ್ಟಿ ಮೂಲೆಗೆ ಹೋಯಿತು. ಮಧ್ಯಾಹ್ನದ ತನಕ ಬ್ರೇಕ್ ಒಂದೇ ಪಾಠ.

ಮನೆಯಿಂದ ದೂರ ಇದ್ದು ಕಲಿಯುವುದು ಹೊಸ ಮಾತಲ್ಲ. ಅಮೆರಿಕದ ಟೆನೆಸಿಯಲ್ಲಿ 1932ರಲ್ಲಿ ಶುರುವಾದ ಹೈಲ್ಯಾಂಡರ್ ಶಾಲೆ ಹತ್ತಾರು ವರ್ಷ ಸಂಘದ ಕಾರ್ಯಕರ್ತರಿಗೆ ವಸತಿ ಶಿಬಿರ ನಡೆಸಿತು. ಕಪ್ಪು ಜನಾಂಗದ ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡಲೊಪ್ಪದ 1955ರ ಡಿಸೆಂಬರ್‌ಗೆ ಕೆಲವೇ ತಿಂಗಳ ಮುಂಚೆ ಅಲ್ಲಿ ಎರಡು ವಾರ ಇದ್ದು ಬಂದಿದ್ದರು. ನಮ್ಮಲ್ಲೂ 1958ರಲ್ಲಿ ನಾಗಪುರದಲ್ಲಿ ಕೇಂದ್ರ ಕಾರ್ಮಿಕ ಶಿಕ್ಷಣ ಮಂಡಳಿ ಬಂತು. ಅದರ ಮೂಲ ಯೋಜನೆ ನನಗೆ ಈಗಲೂ ಇಷ್ಟ. ಮಂಡಳಿಯ ಶಿಕ್ಷಣಾಧಿಕಾರಿಗಳು ಕಾರ್ಮಿಕರೊಳಗಿಂದಲೇ ಆರಿಸಿದವರನ್ನು ಶಿಕ್ಷಕರಾಗಿ ತಯಾರು ಮಾಡುವುದು, ಅವರು ವಾಪಸ್ ಹೋಗಿ ತಮ್ಮ ಕಾರ್ಖಾನೆಯಲ್ಲೇ ಜತೆಗಾರರಿಗೆ ಕ್ಲಾಸ್ ಮಾಡುವುದು. ನಮ್ಮ ಶಿಬಿರಗಳಲ್ಲಿ ಮೂರನೇ ದಿನ ಶಿಬಿರಾರ್ಥಿಗಳೇ ಇಪ್ಪತ್ತು ನಿಮಿಷ ಪಾಠ ಮಾಡುವ ಪದ್ಧತಿ ಅಲ್ಲಿಂದಲೇ ಎತ್ತಿಕೊಂಡದ್ದು.

ನನ್ನ ಟಿಪ್ಪಣಿಗಳನ್ನು ಮಾತ್ರ ಈ ವರ್ಷ ಪೂರ್ತಿ ಹೊಸದಾಗಿ ಬರೆಯಬೇಕಾಯಿತು. 2025ರ ನವೆಂಬರ್ 21ರಿಂದ, ಹಳೇ ಕಾರ್ಮಿಕ ಕಾಯ್ದೆಗಳ ಬದಲಿಗೆ ಕೇಂದ್ರ ಸರ್ಕಾರ ತಂದ ನಾಲ್ಕೂ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕಾರ್ಯಕರ್ತರಿಗೆ ಮೊದಲು ಹೇಳುವುದು ಎರಡು ಸಂಗತಿ. ಯಾವ ಕೈಗಾರಿಕಾ ಸಂಸ್ಥೆಯಲ್ಲಾದರೂ ಮುಷ್ಕರಕ್ಕೆ ಮುಂಚೆ 14 ದಿನದ ನೋಟಿಸು ಬೇಕು. ಎರಡನೆಯದು, ನಾವೆಲ್ಲ ಜಾಣತನ ಅಂದುಕೊಂಡಿದ್ದ ಸಾಮೂಹಿಕ ರಜೆ: ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಒಂದೇ ದಿನ ಮಾತಾಡಿಕೊಂಡು ಕ್ಯಾಶುವಲ್ ಲೀವ್ ಹಾಕಿದರೆ ಅದೂ ಮುಷ್ಕರವೇ. ಹಳೇ ಕಾರ್ಯಕರ್ತರಿಗೆ ಇದನ್ನು ಒಪ್ಪಿಸುವುದೇ ಕಷ್ಟ, “ರಜೆ ನಮ್ಮ ಹಕ್ಕಲ್ವಾ” ಎಂದು ಜಗಳಕ್ಕೇ ಬರುತ್ತಾರೆ. ಗ್ರಾಚ್ಯುಟಿಯ 26, 240 ದಿನಗಳ ಲೆಕ್ಕ ಹೊಸ ಸಂಹಿತೆಯಲ್ಲೂ ಹಾಗೇ ಉಳಿದಿದೆ. ಅಂಗನವಾಡಿಯವರಿಗೆ ನಾನು ತಪ್ಪದೆ ಓದಿಸುವುದು 2022ರ ಏಪ್ರಿಲ್ 25ರ ಸುಪ್ರೀಂ ಕೋರ್ಟಿನ ತೀರ್ಪು. ಅವರಿಗೆ ಕೊಡುವುದಕ್ಕೆ ಗೌರವಧನ ಎಂದು ಹೆಸರಿಟ್ಟರೂ ಗ್ರಾಚ್ಯುಟಿ ಕಾಯ್ದೆಯ ಪ್ರಕಾರ ಅದು ವೇತನವೇ ಎಂದು ಅಲ್ಲಿದೆ. ಆ ಸಾಲನ್ನು ಜೋರಾಗಿ ಓದಿ ಅಂದರೆ ಒಬ್ಬರಾದ ಮೇಲೆ ಒಬ್ಬರು ಓದುತ್ತಲೇ ಇರುತ್ತಾರೆ.

ಶಿಬಿರ ಮಾಡುವವರಿಗೆ ಕೆಲವು ಮಾತು. ತಾರೀಖು ನಿಮ್ಮ ಪುರುಸೊತ್ತು ನೋಡಿ ಇಡಬೇಡಿ. ಬೋಟಿನವರಿಗೆ ಜೂನ್ 1ರಿಂದ ಜುಲೈ 31ರ ತನಕ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವ ಆ 61 ದಿನಗಳಲ್ಲಿ ಇಡಬೇಕು. ಬಿಸಿಯೂಟದವರಿಗೆ ಶಾಲೆಯ ರಜೆ. ಶಿರಸಿ, ಸಿದ್ದಾಪುರ ಕಡೆಯವರನ್ನು ಅಡಿಕೆ ಕೊಯ್ಲಿನ ಹೊತ್ತಿಗೆ ಕರೆದರೆ ಒಬ್ಬರೂ ಬರುವುದಿಲ್ಲ, ಬರಲೂಬಾರದು, ವರ್ಷದ ನಾಲ್ಕು ಕಾಸು ಸಿಗುವುದೇ ಆವಾಗ. ಹಾಲ್ ನೋಡುವ ಮೊದಲು ಪಾಯಿಖಾನೆ ಎಣಿಸಿ. ನಲವತ್ತು ಜನಕ್ಕೆ ಎರಡೇ ಇದ್ದ ಕಡೆ ನಮ್ಮ ಒಂಬತ್ತರ ಕ್ಲಾಸ್ ಶುರುವಾದದ್ದು ಹನ್ನೊಂದಕ್ಕೆ. ಮೀನು ಬೇಕು, ಬೇಡ ಎಂಬ ತಕರಾರು ಮೊದಲ ಊಟದಲ್ಲೇ ಬರುತ್ತದೆ. ಎರಡು ಒಲೆ ಹೂಡಿ ಮುಗಿಸಿಬಿಡಿ, ಅದನ್ನು ಸಿದ್ಧಾಂತ ಮಾಡಬೇಡಿ. ಕೈಗೂಸು ಕರೆದುಕೊಂಡು ಬರುವವರಿಗಾಗಿ ಒಬ್ಬ ಅಜ್ಜಿಯನ್ನು ಸಂಬಳ ಕೊಟ್ಟೇ ಗೊತ್ತು ಮಾಡಿ.

ಹೆಂಗಸರ ಫೋನಿನ ವಿಷಯ ಹೇಳಲೇಬೇಕು. ಎಷ್ಟೋ ಜನಕ್ಕೆ ತವರು ಬಿಟ್ಟರೆ ಬೇರೆ ಕಡೆ ಮಲಗುವುದು ಇದೇ ಮೊದಲು. ಮೊದಲ ರಾತ್ರಿ ಎಂಟರಿಂದ ಒಂಬತ್ತೂವರೆ ತನಕ ಹಾಲ್ ತುಂಬ ರಿಂಗು. ಬೆಲ್ಲ ಎಲ್ಲಿದೆ, ಕರುವಿಗೆ ಹುಲ್ಲು ಹಾಕಿದ್ದು ಸಾಕಾ, ಮಗುವಿನ ಇಸ್ತ್ರಿ ಬಟ್ಟೆ ಯಾವುದು. ಫೋನ್ ಬಂದ್ ಮಾಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೆ ಮುಂದಿನ ಸಲ ಕಳಿಸುವುದಿಲ್ಲ. ಎರಡನೇ ರಾತ್ರಿಯ ಹೊತ್ತಿಗೆ ಮನೆಯವರಿಗೇ ಬೆಲ್ಲದ ಡಬ್ಬಿ ಸಿಕ್ಕಿರುತ್ತದೆ.

ಶಿಬಿರ ಫಲ ಕೊಟ್ಟಿತೋ ಇಲ್ಲವೋ ಎಂದು ಕೊನೇ ದಿನದ ಕಣ್ಣೀರಲ್ಲಿ, ಗ್ರೂಪ್ ಫೋಟೋದಲ್ಲಿ ನೋಡಬಾರದು. ಮೂರು ತಿಂಗಳು ಬಿಟ್ಟು ಆ ಊರಿಗೆ ಹೋಗಿ ಘಟಕದ ನಡಾವಳಿ ಪುಸ್ತಕ ಕೇಳುತ್ತೇನೆ. ಆ ಗೇರು ಕಾರ್ಖಾನೆಯ ಘಟಕಕ್ಕೂ ಹೋಗಿದ್ದೆ. ಶಿಬಿರಕ್ಕೆ ಮುಂಚಿನ ಪುಟಗಳಲ್ಲೆಲ್ಲ ಮೂರೇ ಸಾಲು: ಸಭೆ ಸೇರಿತು, ವಿವಿಧ ವಿಷಯ ಚರ್ಚಿಸಲಾಯಿತು, ಚಹಾ ಸೇವನೆಯ ನಂತರ ಮುಕ್ತಾಯಗೊಂಡಿತು. ಆಮೇಲಿನ ಪುಟದಲ್ಲಿ ಅಕ್ಷರ ಬೇರೆಯವರದು. ದೊಡ್ಡ ದೊಡ್ಡ ಅಕ್ಷರ, ಒತ್ತಿ ಬರೆದದ್ದು. “ಹಳೇ ಕಾರ್ಡು ಇದ್ದವರು 9. ಇಲ್ಲದವರು 14. ಇಲ್ಲದವರ ಪಿಎಫ್ ಪಾಸ್‌ಬುಕ್ ತೆಗೆಸುವುದು ನನ್ನ ಜವಾಬ್ದಾರಿ. ದೊಡ್ಡಮ್ಮನ ಬಾಕಿ ಲೆಕ್ಕಕ್ಕೆ ಅರ್ಜಿ ಕೊಟ್ಟಿದ್ದೇವೆ, ಸೀಲು ಹಾಕಿಸಿಕೊಂಡಿದ್ದೇವೆ. ಮುಂದಿನ ಸಭೆ 10ನೇ ತಾರೀಖು, ಭಾನುವಾರ. ಕಾರ್ಡು ಯಾರೂ ಒಲೆಗೆ ಹಾಕಬಾರದು.”