ಎಳೆಸಿಕೊಳ್ಳುವ ಗಾಡಿಗೂ ಬೇಕು ಬ್ರೇಕು

ಟೊಮೆಟೊ ಸುಗ್ಗಿಯಲ್ಲಿ ಕೋಲಾರದ ಎಪಿಎಂಸಿ ಮಾರುಕಟ್ಟೆಯ ಕಡೆಗೆ ಹೋಗುವ ಯಾವ ರಸ್ತೆಯಲ್ಲಿ ನಿಂತರೂ ಬಾಕ್ಸುಗಳನ್ನು ಎತ್ತರಕ್ಕೆ ಪೇರಿಸಿಕೊಂಡ ಟ್ರ್ಯಾಕ್ಟರುಗಳು ಕಾಣುತ್ತವೆ. ಟ್ರ್ಯಾಕ್ಟರ್ ಕೊಳ್ಳುವವರು ಮೊದಲು ಕೇಳುವುದು ಎಷ್ಟು ಎಚ್‌ಪಿ, ಎಷ್ಟು ಲೋಡು ಎಳೆಯುತ್ತದೆ ಎಂದು. ಎಳೆದದ್ದನ್ನು ನಿಲ್ಲಿಸುವುದು ಯಾವುದು ಎಂದು ಕೇಳುವವರು ಕಡಿಮೆ. ನಮ್ಮ ಹಳ್ಳಿಗಳಲ್ಲಿ ಓಡಾಡುವ ಅನೇಕ ಟ್ರೇಲರುಗಳ ಚಕ್ರಗಳಿಗೆ ಚಾಲಕ ಕಾಲಿನಿಂದ ಹಾಕಬಹುದಾದ ಬ್ರೇಕೇ ಇರುವುದಿಲ್ಲ. ಹಿಂದಿನ ಭಾರವೆಲ್ಲ ಮುಂದಿನ ಟ್ರ್ಯಾಕ್ಟರಿನ ಹೊಣೆ.

ಆ ಹೊಣೆ ಎಷ್ಟು ದೊಡ್ಡದು ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಕೋಲಾರದ ಟೊಮೆಟೊ ಬಾಕ್ಸಿನ ತೂಕ 15 ಕೆ.ಜಿ. ಮುನ್ನೂರು ಬಾಕ್ಸ್ ಎಂದರೆ ನಾಲ್ಕೂವರೆ ಟನ್. ಟ್ರೇಲರಿನ ಸ್ವಂತ ತೂಕ ಒಂದೂವರೆ ಟನ್ ಎಂದಿಟ್ಟುಕೊಂಡರೆ ಹಿಂದೆ ಆರು ಟನ್, ಮುಂದೆ ಎರಡು ಟನ್ನಿನ ಟ್ರ್ಯಾಕ್ಟರ್. ಸಾಮಾನ್ಯ ಟ್ರ್ಯಾಕ್ಟರಿನಲ್ಲಿ ಬ್ರೇಕ್ ಇರುವುದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಆ ಚಕ್ರಗಳ ಮೇಲೆ ಸುಮಾರು 1,200 ಕೆ.ಜಿ. ಭಾರವಿದೆ ಎನ್ನೋಣ. ಟಯರು ರಸ್ತೆಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದು ಅದರ ಮೇಲಿನ ಭಾರಕ್ಕೆ ತಕ್ಕಂತೆ ಇರುತ್ತದೆ. ಪೆಡಲನ್ನು ಎಷ್ಟೇ ಜೋರಾಗಿ ತುಳಿದರೂ ಆ ಮಿತಿ ದಾಟಲಾಗದು. ಗಂಟೆಗೆ 25 ಕಿ.ಮೀ. ವೇಗದಲ್ಲಿ, ಒಣಗಿದ ಡಾಂಬರು ರಸ್ತೆಯಲ್ಲಿ, ಟ್ರೇಲರ್ ಇಲ್ಲದ ಟ್ರ್ಯಾಕ್ಟರ್ ಸುಮಾರು ಆರು ಮೀಟರಿನಲ್ಲಿ ನಿಲ್ಲುತ್ತದೆ. ಬ್ರೇಕಿಲ್ಲದ ನಾಲ್ಕು ಚಕ್ರದ ಟ್ರೇಲರನ್ನು ಕಟ್ಟಿಕೊಂಡರೆ ಅದೇ ಚಕ್ರಗಳು ಎಂಟು ಟನ್ ನಿಲ್ಲಿಸಬೇಕು: 23 ಮೀಟರ್ ಬೇಕು. ನೂರು ಮೀಟರಿಗೆ ಐದು ಮೀಟರ್ ಇಳಿಯುವ ಇಳಿಜಾರಿನಲ್ಲಿ ಅದು 45 ಮೀಟರಾಗುತ್ತದೆ. ಮಳೆ ಬಂದು ರಸ್ತೆಯ ಹಿಡಿತ ಅರ್ಧದಷ್ಟಕ್ಕೆ ಇಳಿದರೆ ಅದೇ ಇಳಿಜಾರಿನಲ್ಲಿ ಇನ್ನೂರು ಮೀಟರಿಗೂ ಹೆಚ್ಚು ಬೇಕು. ಅಂದರೆ ನಿಲ್ಲುವುದೇ ಇಲ್ಲ ಎಂದು ತಿಳಿಯುವುದು ಕ್ಷೇಮ.

ಇದರಲ್ಲಿ ಚಾಲಕ ಬ್ರೇಕ್ ತುಳಿಯಲು ತೆಗೆದುಕೊಳ್ಳುವ ಕ್ಷಣ ಸೇರಿಲ್ಲ. ಅಡ್ಡಕ್ಕೆ ಬೀಳುವ ಒತ್ತಡವೂ ಸೇರಿಲ್ಲ. ತಿರುವಿನಲ್ಲಿ ಬ್ರೇಕ್ ಹಾಕಿದಾಗ ಟ್ರೇಲರ್ ನೇರವಾಗಿ ಮುಂದಕ್ಕೆ ತಳ್ಳುತ್ತದೆ, ಟ್ರ್ಯಾಕ್ಟರಿನ ಮೂತಿ ಮಾತ್ರ ಪಕ್ಕಕ್ಕೆ ತಿರುಗಿರುತ್ತದೆ. ಹಿಂಭಾಗ ಜಾರಿದರೆ ಎರಡೂ ಗಾಡಿಗಳು ಹುಕ್ಕಿನ ಬಳಿ ಮಡಚಿಕೊಳ್ಳುತ್ತವೆ. ಟ್ರ್ಯಾಕ್ಟರಿಗೆ ಎಡ ಬಲ ಎಂದು ಎರಡು ಬ್ರೇಕ್ ಪೆಡಲುಗಳಿರುವುದು ಹೊಲದಲ್ಲಿ ಚಿಕ್ಕ ಜಾಗದಲ್ಲಿ ತಿರುಗಲು. ರಸ್ತೆಗೆ ಬರುವ ಮುನ್ನ ಅವೆರಡನ್ನೂ ಸೇರಿಸುವ ಕೊಂಡಿ ಹಾಕದಿದ್ದರೆ ಒಂದೇ ಚಕ್ರ ಹಿಡಿದು ಗಾಡಿ ತಿರುಗಿಬಿಡುತ್ತದೆ. ತೇರಹಳ್ಳಿ ಬೆಟ್ಟದಂಥ ಕಡೆ ಇಳಿಯುವಾಗ ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕುವವರಂತೂ ಉಳಿದಿದ್ದ ಒಂದೇ ಆಸರೆಯನ್ನೂ, ಎಂದರೆ ಎಂಜಿನ್ನಿನ ತಡೆಯನ್ನೂ, ಕೈಯಾರೆ ಬಿಡುತ್ತಾರೆ.

ಇದೇ ಸಮಸ್ಯೆಯನ್ನು ಅಮೆರಿಕದಲ್ಲಿ ಬೇರೊಂದು ಬಗೆಯ ಪ್ರಯಾಣಿಕರು ಎದುರಿಸುತ್ತಾರೆ. ಅಲ್ಲಿ ಬಸ್ಸಿನಷ್ಟು ದೊಡ್ಡ ಮೋಟಾರ್‌ಹೋಮಿನಲ್ಲಿ, ಅಡುಗೆಮನೆ ಮಲಗುವ ಕೋಣೆ ಸಮೇತ, ತಿಂಗಳುಗಟ್ಟಲೆ ತಿರುಗುವವರಿದ್ದಾರೆ. ಊರೊಳಗೆ ಓಡಾಡಲು ಅದರ ಹಿಂದೆ ಒಂದು ಕಾರನ್ನು ಕಬ್ಬಿಣದ ಟೋ ಬಾರಿನಿಂದ ಕಟ್ಟಿಕೊಂಡು, ಅದರ ನಾಲ್ಕೂ ಚಕ್ರ ನೆಲದ ಮೇಲೆಯೇ ಉರುಳುವಂತೆ ಎಳೆದೊಯ್ಯುತ್ತಾರೆ. ಕಾರಿಗೆ ಒಳ್ಳೆಯ ಬ್ರೇಕ್ ಇದೆ, ತುಳಿಯಲು ಒಳಗೆ ಯಾರೂ ಇಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ 1,500 ಕೆ.ಜಿ. ಕಾರಿನಲ್ಲಿರುವ ಚಲನಶಕ್ತಿ ಸುಮಾರು 370 ಕಿಲೋಜೂಲ್. ಅದೇ ಕಾರನ್ನು 25 ಮೀಟರ್ ಎತ್ತರದಿಂದ ಕೆಳಗೆ ಬಿಟ್ಟರೆ ನೆಲ ಮುಟ್ಟುವಾಗ ಇರುವಷ್ಟೇ ಶಕ್ತಿ ಇದು. ಅದಷ್ಟೂ ಮುಂದಿನ ಗಾಡಿಯ ಬ್ರೇಕಿನಲ್ಲಿ ಬಿಸಿಯಾಗಿ ಕರಗಬೇಕು.

ಅದಕ್ಕೆ ಅವರು ಕಂಡುಕೊಂಡ ಪರಿಹಾರಗಳಲ್ಲಿ ನನಗೆ ಬಹಳ ಹಿಡಿಸಿದ್ದು ಕಾರಿನ ಚಾಲಕನ ಕಾಲಿನ ಜಾಗದಲ್ಲಿ ಇಡುವ ಒಂದು ಪೆಟ್ಟಿಗೆ. ಅದರ ಲೋಹದ ತೋಳು ಬ್ರೇಕ್ ಪೆಡಲನ್ನು ಕಚ್ಚಿಕೊಂಡಿರುತ್ತದೆ. ಮುಂದಿನ ಗಾಡಿ ನಿಧಾನವಾದಾಗ ಪೆಟ್ಟಿಗೆಯೊಳಗಿನ ಸಂವೇದಕ ಆ ಇಳಿಕೆಯನ್ನು ಅಳೆದು, ತಕ್ಕಷ್ಟೇ ಬಲದಿಂದ ಪೆಡಲನ್ನು ಒತ್ತುತ್ತದೆ. ಮುಂದಿನವರು ಮೆಲ್ಲಗೆ ಬ್ರೇಕ್ ಹಾಕಿದರೆ ಇದೂ ಮೆಲ್ಲಗೆ, ಜೋರಾಗಿ ಹಾಕಿದರೆ ಇದೂ ಜೋರಾಗಿ. ಮುಂದಿನ ಗಾಡಿಗೆ ಏರ್ ಬ್ರೇಕ್ ಇದ್ದರೆ ಅದರ ಗಾಳಿಯನ್ನೇ ಕೊಳವೆಯಲ್ಲಿ ತಂದು ಕಾರಿನ ಪೆಡಲನ್ನು ಎಳೆಯುವ ವ್ಯವಸ್ಥೆಗಳೂ ಇವೆ. ಕಾರಿನ ಪೆಡಲ್ ಪೂರ್ತಿ ಬಿಡುಗಡೆಯಾಗದೆ ಬ್ರೇಕ್ ಸವೆಯುತ್ತಾ ಬಿಸಿಯಾಗುತ್ತಿದ್ದರೂ ಮುಂದೆ ಕುಳಿತವರಿಗೆ ತಿಳಿಯದು. ದೊಡ್ಡ ಎಂಜಿನ್ನಿಗೆ ಆ ಎಳೆತ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಹಿಂದಿನ ಬ್ರೇಕ್ ಯಾವಾಗ ಕೆಲಸ ಮಾಡುತ್ತಿದೆ ಎಂದು ತೋರಿಸುವ ದೀಪವೊಂದನ್ನು ಚಾಲಕನ ಎದುರು ಇಡುತ್ತಾರೆ.

ಈ ಪೆಟ್ಟಿಗೆಗೆ ಎದುರಾಗುವ ದೊಡ್ಡ ತೊಡಕು ನಮಗೂ ನೇರವಾಗಿ ಸಂಬಂಧಿಸಿದ್ದು. ಬಹುತೇಕ ಕಾರುಗಳಲ್ಲಿ ನಮ್ಮ ಕಾಲಿನ ಬಲವನ್ನು ಬೂಸ್ಟರ್ ಹಲವು ಪಟ್ಟು ಹೆಚ್ಚಿಸುತ್ತದೆ. ಅದು ನಡೆಯುವುದು ಎಂಜಿನ್ ಒದಗಿಸುವ ನಿರ್ವಾತದಿಂದ. ಎಂಜಿನ್ ಆರಿಸಿದ ಮೇಲೆ ಬೂಸ್ಟರಿನಲ್ಲಿ ಉಳಿದ ನಿರ್ವಾತ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಮುಗಿದು ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಎಳೆಸಿಕೊಳ್ಳುವ ಕಾರಿನ ಎಂಜಿನ್ ಆರಿರುತ್ತದೆ. ಹಾಗಾಗಿ ಪೆಟ್ಟಿಗೆ ಬಹಳ ಬಲವಾಗಿ ತುಳಿಯಬೇಕು, ಇಲ್ಲವೇ ನಿರ್ವಾತವನ್ನು ಬೇರೆ ಕಡೆಯಿಂದ ಒದಗಿಸಬೇಕು.

ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಮುಳಬಾಗಿಲು ಕಡೆಯಿಂದ ಕೆಟ್ಟ ಕಾರನ್ನು ಹಗ್ಗ ಕಟ್ಟಿ ಎಳೆದು ತರುವಾಗ ಆಗುವುದೂ ಇದೇ. ಹಿಂದಿನ ಕಾರಿನ ಸ್ಟೇರಿಂಗ್ ಹಿಡಿದು ಕುಳಿತವರು ಎಂದಿನಂತೆ ಹಗುರವಾಗಿ ಬ್ರೇಕ್ ತುಳಿಯುತ್ತಾರೆ, ಕಾರು ನಿಲ್ಲುವುದಿಲ್ಲ. ಬ್ರೇಕ್ ಹೋಯಿತೆಂದು ಹೆದರುತ್ತಾರೆ. ಬ್ರೇಕ್ ಹೋಗಿಲ್ಲ, ಸಹಾಯ ಹೋಗಿದೆ. ಎರಡೂ ಕಾಲಿನಿಂದ ಪೂರ್ತಿ ಬಲ ಹಾಕಿ ತುಳಿದರೆ ಹಿಡಿಯುತ್ತದೆ. ಪವರ್ ಸ್ಟೇರಿಂಗೂ ಆರಿರುವುದರಿಂದ ಚಕ್ರ ತಿರುಗಿಸುವುದೂ ಭಾರ. ಕೀಲಿಯನ್ನು ತೆಗೆದರೆ ಸ್ಟೇರಿಂಗ್ ಲಾಕ್ ಬೀಳಬಹುದು, ಆದ್ದರಿಂದ ಅದು ಆನ್ ಸ್ಥಿತಿಯಲ್ಲೇ ಇರಬೇಕು. ಕೇಬಲ್ಲಿನಿಂದ ನಡೆಯುವ ಹ್ಯಾಂಡ್ ಬ್ರೇಕಿಗೆ ಎಂಜಿನ್ನಿನ ಹಂಗಿಲ್ಲ, ಅದರ ಮೇಲೆ ಒಂದು ಕೈ ಸಿದ್ಧವಿರಲಿ. ಕ್ರೇನ್ ಅಥವಾ ಕಾರನ್ನು ಮೇಲೇರಿಸಿಕೊಂಡು ಹೋಗುವ ಗಾಡಿ ಸಿಗುವುದಾದರೆ ಹೆದ್ದಾರಿಯಲ್ಲಿ ಹಗ್ಗದ ಸಹವಾಸಕ್ಕೇ ಹೋಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಕೊಂಡಿಯೇ ಕಳಚಿದರೆ? ಮೋಟಾರ್‌ಹೋಮಿನವರು ಕಾರಿನ ಮುಂಭಾಗದಲ್ಲಿ ಒಂದು ಸ್ವಿಚ್ ಇಟ್ಟು, ಅದರ ಪಿನ್ನಿಗೆ ಕಟ್ಟಿದ ತೆಳು ತಂತಿಯನ್ನು ಮುಂದಿನ ಗಾಡಿಗೆ ಸಿಕ್ಕಿಸುತ್ತಾರೆ. ಕಾರು ಬೇರ್ಪಟ್ಟ ಕೂಡಲೇ ತಂತಿ ಪಿನ್ನನ್ನು ಕಿತ್ತು, ಪೆಟ್ಟಿಗೆ ಪೂರ್ತಿ ಬ್ರೇಕ್ ಹಾಕುತ್ತದೆ. ಈ ಚಿಕ್ಕ ತಂತಿಯ ಹಿಂದೆ ರೈಲ್ವೆ ಇತಿಹಾಸದ ಒಂದು ದೊಡ್ಡ ದುಃಖವಿದೆ. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಬಳಿ, ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುತ್ತಿದ್ದ ರೈಲು ಏರು ಹತ್ತಲಾಗದೆ ನಿಂತಿತು. ಸಿಬ್ಬಂದಿ ಹಿಂದಿನ ಬೋಗಿಗಳನ್ನು ಬಿಡಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಭಾಗವನ್ನಷ್ಟೇ ಒಯ್ಯಲು ಹೊರಟರು. ಆ ರೈಲಿನ ನಿರ್ವಾತ ಬ್ರೇಕ್ ಎಂಜಿನ್ನಿಗೆ ಜೋಡಣೆಯಾಗಿದ್ದರೆ ಮಾತ್ರ ಹಿಡಿಯುವಂಥದ್ದು. ಬಿಡಿಸಿದ ಕ್ಷಣವೇ ಅದು ಸತ್ತಿತು. ಹೊರಡುವಾಗ ಮುಂಭಾಗ ತುಸು ಹಿಂದಕ್ಕೆ ಸರಿದದ್ದಕ್ಕೇ ಕಲ್ಲುಗಳು ಪುಡಿಯಾದವು. ಬೋಗಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಓಡಿ, ಅದೇ ಹಳಿಯಲ್ಲಿ ಹಿಂದಿನಿಂದ ಬರುತ್ತಿದ್ದ ಇನ್ನೊಂದು ರೈಲಿಗೆ ಬಡಿದವು. ಸತ್ತವರು 80 ಮಂದಿ. ಪ್ರಯಾಣಿಕರ ರೈಲುಗಳಿಗೆ ತಾನಾಗಿ ಹಿಡಿಯುವ ಬ್ರೇಕ್ ಕಡ್ಡಾಯವೆಂಬ ಕಾನೂನು ಬ್ರಿಟನ್ನಿನಲ್ಲಿ ಅದೇ ವರ್ಷ ಬಂತು.

ತಾನಾಗಿ ಹಿಡಿಯುವ ಬ್ರೇಕನ್ನು ಅಮೆರಿಕದ ಸಂಶೋಧಕ ಜಾರ್ಜ್ ವೆಸ್ಟಿಂಗ್‌ಹೌಸ್ ಅದಕ್ಕೂ ಮೊದಲೇ ಮಾಡಿ ತೋರಿಸಿದ್ದ. 1869ರ ಅವನ ಮೊದಲ ಏರ್ ಬ್ರೇಕಿನಲ್ಲಿ ಎಂಜಿನ್ನಿನಿಂದ ಗಾಳಿ ಹರಿದರೆ ಬ್ರೇಕ್ ಬೀಳುತ್ತಿತ್ತು. ಕೊಳವೆ ಕಿತ್ತರೆ ಬ್ರೇಕೇ ಇಲ್ಲ. ಕೆಲವೇ ವರ್ಷಗಳಲ್ಲಿ ಅವನು ಅದನ್ನು ತಿರುಗುಮುರುಗು ಮಾಡಿದ. ಪ್ರತಿ ಬೋಗಿಗೂ ಅದರದೇ ಗಾಳಿಯ ಟ್ಯಾಂಕ್ ಕೊಟ್ಟು, ಕೊಳವೆಯಲ್ಲಿ ಒತ್ತಡ ಕುಸಿದರೆ ಬ್ರೇಕ್ ಬೀಳುವಂತೆ ಮಾಡಿದ. ಇಂದಿನ ಭಾರಿ ಲಾರಿಗಳ ಸ್ಪ್ರಿಂಗ್ ಬ್ರೇಕ್ ಹಿಡಿಯುವುದೂ ಗಾಳಿ ಹೋದಾಗಲೇ.

ಟ್ರೇಲರಿಗೆ ಇಷ್ಟೆಲ್ಲ ಬೇಡದಿರಬಹುದು, ಏನೂ ಬೇಡ ಎನ್ನುವಂತಿಲ್ಲ. ಯುರೋಪಿನಲ್ಲಿ 750 ಕೆ.ಜಿ. ದಾಟಿದ ಟ್ರೇಲರನ್ನು ಕಾರಿಗೆ ಕಟ್ಟಬೇಕಾದರೆ ಅದಕ್ಕೆ ಸ್ವಂತ ಬ್ರೇಕ್ ಇರಲೇಬೇಕು. ಅಲ್ಲಿ ಸಾಮಾನ್ಯವಾಗಿರುವ ಒಂದು ಬಗೆಗೆ ವಿದ್ಯುತ್ತೂ ಬೇಡ, ಗಾಳಿಯೂ ಬೇಡ: ಮುಂದಿನ ಗಾಡಿ ನಿಧಾನವಾದಾಗ ಟ್ರೇಲರ್ ತಳ್ಳುವ ಬಲವೇ ಹುಕ್ಕಿನ ಬಳಿಯ ಸರಳನ್ನು ಹಿಂದಕ್ಕೆ ಸರಿಸಿ ಬ್ರೇಕ್ ಹಾಕುತ್ತದೆ. ಟ್ರ್ಯಾಕ್ಟರಿನ ಹೈಡ್ರಾಲಿಕ್ ಒತ್ತಡದಿಂದ ನಡೆಯುವ ಟ್ರೇಲರ್ ಬ್ರೇಕುಗಳೂ ಇವೆ. ನಮ್ಮಲ್ಲಿ ಟ್ರೇಲರನ್ನು ಎಷ್ಟೋ ಸಲ ವರ್ಕ್‌ಶಾಪಿನಲ್ಲಿ ಹೇಳಿ ಕಟ್ಟಿಸುತ್ತಾರೆ. ಎಷ್ಟು ಉದ್ದ, ಎಷ್ಟು ಎತ್ತರದ ಪಕ್ಕ, ಯಾವ ಬಣ್ಣ ಎಂದು ಹೇಳುವಾಗಲೇ ಆಕ್ಸಲ್ಲಿಗೆ ಡ್ರಮ್ ಬ್ರೇಕ್ ಕೂರಿಸಲು ಹೇಳಬೇಕು. ಕಟ್ಟಿ ಮುಗಿದ ಮೇಲೆ ಅದನ್ನು ಸೇರಿಸಲು ಆಕ್ಸಲನ್ನೇ ಬಿಚ್ಚಬೇಕಾಗುತ್ತದೆ.